ರೋಣ ಹುಡುಕಿದರೆ ದ್ರೋಣ ಸಿಕ್ಕಿತು

ಪ್ರೋಗ್ರಾಂ ಬರೆಯುವವರು ಬಳಸುವ ಟೆಕ್ಸ್ಟ್ ಎಡಿಟರ್ ಬೇರೆ, ಪತ್ರ ಟೈಪ್ ಮಾಡುವ ವರ್ಡ್ ಬೇರೆ. ವರ್ಡ್ ಪುಟವನ್ನು ತೋರಿಸುತ್ತದೆ, ಎಡಿಟರ್ ಬರಿಯ ಪಠ್ಯವನ್ನು ತೋರಿಸುತ್ತದೆ. ದಪ್ಪ ಅಕ್ಷರ, ಅಕ್ಷರದ ಅಳತೆ, ಪುಟದ ಅಂಚು ಇವು ಯಾವುವೂ ಎಡಿಟರಿನ ಕಡತದಲ್ಲಿ ಇರುವುದಿಲ್ಲ. ಅಕ್ಷರ, ಖಾಲಿ ಜಾಗ, ಸಾಲು ಮುಗಿದ ಗುರುತು ಇಷ್ಟೇ ಅದರ ಆಸ್ತಿ. ಆಸ್ತಿ ಕಡಿಮೆ ಇರುವುದರಿಂದಲೇ ಅದರ ಮೇಲೆ ಹಿಡಿತ ಹೆಚ್ಚು: ಸಾವಿರ ಸಾಲುಗಳನ್ನು ಒಂದೇ ಆಜ್ಞೆಯಲ್ಲಿ ತಿದ್ದಬಹುದು, ಅಷ್ಟೇ ಬೇಗ ಕೆಡಿಸಲೂಬಹುದು.

ರೋಣ ತಾಲ್ಲೂಕಿನ ಬೆಳವಣಕಿಯಲ್ಲಿ, ಒಂದು ಮನೆಯ ಪಡಸಾಲೆಯಲ್ಲಿ ನಡೆಯುವ ಈ ಮಾತುಕತೆ ಅಂಥ ಒಂದು ಕೆಡುಕಿನಿಂದ ಶುರುವಾಗುತ್ತದೆ. ಕೇಳುವವನು ಡಿಪ್ಲೊಮಾ ಓದುವ ಹುಡುಗ. ಹೇಳುವವಳು ಸಾಫ್ಟ್‌ವೇರ್ ಕೆಲಸದಲ್ಲಿದ್ದು ಊರಿಗೆ ಬಂದಿರುವ ಓಣಿಯ ಅಕ್ಕ. ಮುಂದೆ ತೆರೆದಿರುವುದು ಹಳ್ಳಿಗಳ ಪಟ್ಟಿ. ಸಾಲಿಗೊಂದು ಊರು; ಊರು, ತಾಲ್ಲೂಕು, ಜಿಲ್ಲೆ, ಟಿಪ್ಪಣಿ ಎಂದು ಅಲ್ಪವಿರಾಮ ಹಾಕಿ ಬೇರೆ ಮಾಡಿದ ನಾಲ್ಕು ಕಲಮು. ಪಟ್ಟಿ ಹಳೆಯದು. ಗದಗ ಜಿಲ್ಲೆಯಾದದ್ದು 1997ರಲ್ಲಿ, ಇದರಲ್ಲಿ ಜಿಲ್ಲೆ ಇನ್ನೂ ಧಾರವಾಡ ಎಂದೇ ಇದೆ. ಆಮೇಲೆ ಹೊಸದಾಗಿ ಆದ ಗಜೇಂದ್ರಗಡ ತಾಲ್ಲೂಕಿನ ಸುದ್ದಿಯೂ ಇದರಲ್ಲಿ ಇಲ್ಲ, ಸೂಡಿ ಮತ್ತು ನರೇಗಲ್ ರೋಣದ ಕೆಳಗೇ ಉಳಿದಿವೆ.

ಹುಡುಗ: ಅಕ್ಕಾರ, ಸೂಡಿ, ನರೇಗಲ್ ಗಜೇಂದ್ರಗಡಕ್ಕ ಹೋದವಲ್ರಿ, ಅದಕ್ಕ ‘ರೋಣ’ ತಗದು ‘ಗಜೇಂದ್ರಗಡ’ ಹಾಕು ಅಂತ ಒಮ್ಮೆಲೇ ಕೊಟ್ಟೆ. ಈಗ ನಮ್ಮ ಬೆಳವಣಕಿನೂ ಗಜೇಂದ್ರಗಡಕ್ಕ ಸೇರೇತಿ. ಟಿಪ್ಪಣಿಯೊಳಗ ‘ದ್ರೋಣಪುರ’ ಅಂತ ಇತ್ತು, ಅದು ‘ದ್ಗಜೇಂದ್ರಗಡಪುರ’ ಆಗೇತಿ.

ಅಕ್ಕ: ಮೊದಲ ಕಂಟ್ರೋಲ್-ಝಡ್ ಒತ್ತು. ಎಲ್ಲಾ ಕಡೆ ಬದಲಿಸಿದ್ದು ಎಡಿಟರಿನ ಲೆಕ್ಕದಾಗ ಒಂದ ಕೆಲಸ, ಒಂದ ಒತ್ತಿಗೆ ಎಲ್ಲಾ ವಾಪಸ್ ಬರತೈತಿ.

ಹುಡುಗ: ಸೇವ್ ಮಾಡಿಬಿಟ್ಟೇನ್ರಿ.

ಅಕ್ಕ: ಸೇವ್ ಮಾಡಿದ್ರೂ ಕಡತ ಮುಚ್ಚಿಲ್ಲಲ್ಲ ತಮ್ಮಾ. ಮುಚ್ಚೋತನಕ ಅದರ ನೆನಪಿನ್ಯಾಗ ಇರತೈತಿ.

ಹಿಂದಕ್ಕೆ ಹೋಗುವ ಈ ಸೌಲಭ್ಯವನ್ನು ಹೊಸಬರು ಎರಡು-ಮೂರು ಹೆಜ್ಜೆಗಷ್ಟೇ ಬಳಸುತ್ತಾರೆ. ಅದರ ಆಳ ಬಹಳ ದೊಡ್ಡದು. ವಿಮ್ ಎಡಿಟರಿನಲ್ಲಿ ‘ಯು’ ಕೀ ಒಂದು ಹೆಜ್ಜೆ ಹಿಂದಕ್ಕೆ ಒಯ್ಯುತ್ತದೆ. ‘ಅರ್ಲಿಯರ್’ ಎಂಬ ಆಜ್ಞೆಗೆ ಹತ್ತು ನಿಮಿಷ ಎಂದು ಹೇಳಿದರೆ ಕಡತ ಹತ್ತು ನಿಮಿಷದ ಹಿಂದೆ ಹೇಗಿತ್ತೋ ಹಾಗೆ ನಿಲ್ಲುತ್ತದೆ. ‘ಅನ್‌ಡೂ ಫೈಲ್’ ಎಂಬ ಆಯ್ಕೆಯನ್ನು ಆನ್ ಮಾಡಿಟ್ಟರೆ, ಕಡತ ಮುಚ್ಚಿ ಮರುದಿನ ತೆರೆದರೂ ನಿನ್ನೆಯ ತಿದ್ದುಪಡಿಗಳನ್ನು ಹಿಂದೆಗೆಯಬಹುದು.

ಹುಡುಗ: ನಡುವ ಕರೆಂಟ್ ಹೋದ್ರ? ಈ ಕಂಪ್ಯೂಟರಿಗೆ ಬ್ಯಾಟರಿ ಇಲ್ರಿ.

ಅಕ್ಕ: ವಿಮ್ ಪಕ್ಕದಾಗ ಒಂದು ಸ್ವಾಪ್ ಕಡತ ಇಟ್ಟಿರತೈತಿ. 200 ಅಕ್ಷರ ಹೊಡೆದ ಕೂಡಲೇ, ಇಲ್ಲಾ ನಾಲ್ಕು ಸೆಕೆಂಡು ಕೈ ಸುಮ್ಮನಾದ ಕೂಡಲೇ ಅದರಾಗ ಬರದಿಡತೈತಿ. ಕರೆಂಟ್ ಬಂದ ಮ್ಯಾಲ ಅದ ಕಡತ ತೆರೆದ್ರ ‘ಹಳೇದು ಉಳದೈತಿ, ತಗೀಲೇನು’ ಅಂತ ಕೇಳತೈತಿ. ವಿಎಸ್ ಕೋಡ್ ಎಡಿಟರ್ ಸೇವ್ ಮಾಡದ ಕಡತಾನೂ ಒಳಗಿಂದೊಳಗ ಜ್ವಾಪಾನ ಮಾಡತೈತಿ. ಆದ್ರೂ ದೊಡ್ಡ ಬದಲಾವಣೆ ಮಾಡೂ ಮೊದಲ ಒಂದು ನಕಲು ಇಟ್ಟುಕೋ. ಗಿಟ್ ಕಲಿತಿದ್ರ ಗಿಟ್‌ನ್ಯಾಗ ಕಮಿಟ್ ಮಾಡು.

ಹುಡುಗ: ಅದಿರ್ಲಿ ಅಕ್ಕಾರ, ‘ದ್ರೋಣ’ದಾಗ ‘ರೋಣ’ ಎಲ್ಲಿ ಐತ್ರಿ? ಕಣ್ಣಿಗೆ ‘ದ್ರೋ’ ಕಾಣತೈತಿ, ‘ಣ’ ಕಾಣತೈತಿ. ‘ರೋ’ ಕಾಣಂಗಿಲ್ಲ.

ಅಕ್ಕ: ಕಣ್ಣಿಗೆ ಕಾಣೋದು ಚಿತ್ರ. ಕಡತದಾಗ ಇರೋದು ಉಚ್ಚಾರದ ಸಾಲು.

ಕನ್ನಡದಲ್ಲಿ ಎಡಿಟರ್ ಬಳಸುವವರು ಇದೊಂದನ್ನು ಸರಿಯಾಗಿ ತಿಳಿದರೆ ಮುಂದಿನ ಅರ್ಧ ತೊಂದರೆ ತಾನಾಗಿ ತಪ್ಪುತ್ತದೆ. ಯೂನಿಕೋಡ್ ಕನ್ನಡದ ಅಕ್ಷರವನ್ನು ಇಡಿಯಾಗಿ ಇಡುವುದಿಲ್ಲ, ಬಿಡಿಸಿ ಇಡುತ್ತದೆ. ಮೂಲಾಕ್ಷರಕ್ಕೆ ಒಂದು ಸಂಕೇತ, ಅದರ ಕಾಗುಣಿತದ ಚಿಹ್ನೆಗೆ ಇನ್ನೊಂದು ಸಂಕೇತ, ಒತ್ತಕ್ಷರ ಮಾಡಲು ನಡುವೆ ಒಂದು ಅರ್ಧಾಕ್ಷರದ ಚಿಹ್ನೆ. ‘ದ್ರೋಣ’ ಎಂಬ ಪದ ಕಡತದಲ್ಲಿ ಐದು ಸಂಕೇತ: ದ, ಅರ್ಧಾಕ್ಷರ ಚಿಹ್ನೆ, ರ, ಓತ್ವದ ದೀರ್ಘ, ಣ. ಕೊನೆಯ ಮೂರನ್ನು ಬೇರೆಯಾಗಿ ಓದಿದರೆ ‘ರೋಣ’. ರ ಅಕ್ಷರ ದ ಅಕ್ಷರದ ಕೆಳಗೆ ಒತ್ತಾಗಿ ಕೂರುವುದು, ಓತ್ವ ದಕಾರದ ಮೇಲೆ ಏರುವುದು ಇವೆಲ್ಲ ಪರದೆಯ ಮೇಲೆ ಫಾಂಟ್ ಮಾಡುವ ಕೆಲಸ. ಹುಡುಕುವ ಯಂತ್ರ ಫಾಂಟನ್ನು ನೋಡುವುದಿಲ್ಲ, ಸಂಕೇತದ ಸಾಲನ್ನಷ್ಟೇ ನೋಡುತ್ತದೆ. ಆದ್ದರಿಂದ ರೋಣ ಹುಡುಕಿದರೆ ದ್ರೋಣವೂ ಸಿಗುತ್ತದೆ.

ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡಿದವರಿಗೆ ಇದು ಬೆರಳಿಗೇ ಗೊತ್ತು. ನುಡಿ ತಂತ್ರಾಂಶದಿಂದ ಮನೆಮನೆಗೆ ಪರಿಚಯವಾದ ಆ ವಿನ್ಯಾಸದಲ್ಲಿ ಒತ್ತು ಬೇಕಾದಾಗ ನಡುವೆ ಇಂಗ್ಲಿಷಿನ ‘ಎಫ್’ ಕೀ ಒತ್ತಬೇಕು. ಅದೇ ಅರ್ಧಾಕ್ಷರದ ಚಿಹ್ನೆ. ‘ಬೆಳವಣಕಿ’ ಬರೆಯಲು ಏಳು ಕೀ ಬೇಕು: ಬ, ಎತ್ವ, ಳ, ವ, ಣ, ಕ, ಗುಡಿಸು. ಕಡತದಲ್ಲಿ ಸಂಕೇತಗಳೂ ಏಳೇ. ಕಣ್ಣಿಗೆ ಅಕ್ಷರ ಐದು, ಯುಟಿಎಫ್-8 ರೀತಿಯಲ್ಲಿ ಉಳಿಸಿದರೆ ಸಂಕೇತಕ್ಕೆ ಮೂರರಂತೆ 21 ಬೈಟು.

ಹುಡುಗ: ಹಂಗಾದ್ರ ತಾಲ್ಲೂಕಿನ ರೋಣ ಅಷ್ಟ ಸಿಗೂ ಹಂಗ ಹೆಂಗ ಹುಡುಕೋದ್ರಿ?

ಅಕ್ಕ: ಬೇಲಿ ಹಾಕಬೇಕು. ನಿನ್ನ ಪಟ್ಟಿಯೊಳಗ ತಾಲ್ಲೂಕಿನ ಹೆಸರು ಎರಡು ಅಲ್ಪವಿರಾಮದ ನಡುವ ಐತಿ. ಬರೀ ‘ರೋಣ’ ಹುಡುಕಬ್ಯಾಡ, ‘,ರೋಣ,’ ಹುಡುಕು. ದ್ರೋಣಪುರ ಹೊರಗ ಉಳೀತು.

ಹುಡುಗ: ಪೂರ್ತಿ ಪದ ಅಷ್ಟ ಹುಡುಕು ಅನ್ನೋ ಗುರುತು ರೆಗೆಕ್ಸ್‌ನ್ಯಾಗ ಐತಿ ಅಂತ ಕಾಲೇಜಿನ್ಯಾಗ ಹೇಳಿದ್ರು.

ಅಕ್ಕ: ಐತಿ. ಆದ್ರ ವಿಎಸ್ ಕೋಡಿನ ರೆಗೆಕ್ಸ್ ಜಾವಾಸ್ಕ್ರಿಪ್ಟ್‌ದು. ಪದದ ಅಂಚು ಅಂದ್ರ ಅದಕ್ಕ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇವುಗಳ ಅಂಚು ಅಷ್ಟ. ಕನ್ನಡ ಅದರ ಲೆಕ್ಕದಾಗ ಪದ ಅಲ್ಲ. ಕನ್ನಡಕ್ಕ ನಿನ್ನ ಬೇಲಿ ನೀನ ಹಾಕಬೇಕು.

ರೆಗೆಕ್ಸ್ ಎಂದರೆ ಪದವನ್ನು ಹೇಳದೆ ಪದದ ಆಕಾರವನ್ನು ಹೇಳುವ ಬರಹ. ಯುನಿಕ್ಸ್‌ನ ಹಳೆಯ ‘ಎಡ್’ ಎಡಿಟರಿನಲ್ಲಿ ‘ಈ ಆಕಾರ ಇರುವ ಸಾಲನ್ನೆಲ್ಲ ಮುದ್ರಿಸು’ ಎಂಬ ಆಜ್ಞೆಯ ಅಕ್ಷರಗಳಿಂದಲೇ ‘ಗ್ರೆಪ್’ ಎಂಬ ಪ್ರಸಿದ್ಧ ಹುಡುಕು ಸಾಧನಕ್ಕೆ ಹೆಸರು ಬಂತು. ಈ ಪಟ್ಟಿಗೆ ಬೇಕಾದ ಆಕಾರ ಸಣ್ಣದು. ಕಂಟ್ರೋಲ್-ಎಚ್ ಒತ್ತಿ, ಆಲ್ಟ್-ಆರ್‌ನಿಂದ ರೆಗೆಕ್ಸ್ ಚಾಲೂ ಮಾಡಿ, ಹುಡುಕುವ ಜಾಗದಲ್ಲಿ ಹೀಗೆ ಬರೆಯಬೇಕು:

^(ಸೂಡಿ|ನರೇಗಲ್),ರೋಣ,

ಬದಲಿಸುವ ಜಾಗದಲ್ಲಿ:

$1,ಗಜೇಂದ್ರಗಡ,

ಮೊದಲ ಚಿಹ್ನೆ ‘ಸಾಲಿನ ಆರಂಭದಲ್ಲಿ’ ಎನ್ನುತ್ತದೆ. ನಡುವಿನ ನಿಂತ ಗೆರೆ ‘ಅಥವಾ’. ಕಂಸದೊಳಗೆ ಸಿಕ್ಕ ಊರಿನ ಹೆಸರನ್ನು ಎಡಿಟರ್ ನೆನಪಿಟ್ಟು ಡಾಲರ್ ಒಂದರ ಜಾಗದಲ್ಲಿ ಹಾಗೆಯೇ ಮರಳಿ ಇಡುತ್ತದೆ. ಸೂಡಿಯ ಸಾಲು ಬದಲಾಗುತ್ತದೆ, ಬೆಳವಣಕಿಯ ಸಾಲು ರೋಣದಲ್ಲೇ ನಿಲ್ಲುತ್ತದೆ. ಮೊದಲ ಸಲ ‘ಎಲ್ಲಾ ಬದಲಿಸು’ ಒತ್ತದೆ ಒಂದೊಂದನ್ನೇ ನೋಡಿ ಒಪ್ಪುವುದು ಒಳ್ಳೆಯದು. ವಿಮ್‌ನಲ್ಲಿ ಬದಲಿಸುವ ಆಜ್ಞೆಯ ಕೊನೆಗೆ ‘ಸಿ’ ಸೇರಿಸಿದರೆ ಅದು ಪ್ರತಿ ಸಲವೂ ಕೇಳಿ ಬದಲಿಸುತ್ತದೆ.

ಹುಡುಗ: ಮಾಡಿದೆ. ಸೂಡಿ ಬದಲಾತು, ನರೇಗಲ್ ಆಗಲಿಲ್ಲ. ಕಾಗುಣಿತ ಸರಿ ಐತ್ರಿ, ಎರಡು ಸಲ ನೋಡಿದೆ.

ಅಕ್ಕ: ಕಣ್ಣಿಂದ ನೋಡಿದಿ. ಕೊನೇ ‘ಲ್’ ಮುಂದ ಕಾಣದ್ದು ಒಂದು ಕುಂತಿರಬೇಕು.

ಅದರ ಹೆಸರು ಜೋಡಿಸದ ಚಿಹ್ನೆ; ಶೂನ್ಯ ಅಗಲದ, ಕಣ್ಣಿಗೆ ಕಾಣದ ಸಂಕೇತ. ‘ನರೇಗಲ್‌ನಲ್ಲಿ’ ಎಂದು ಬರೆಯುವಾಗ ಅದು ಬೇಕೇ ಬೇಕು. ಅದಿಲ್ಲದಿದ್ದರೆ ನಕಾರ ಲಕಾರದ ಕೆಳಗೆ ಒತ್ತಾಗಿ ಇಳಿದುಬಿಡುತ್ತದೆ. ಅಭ್ಯಾಸವಾದ ಕೈ ಅದನ್ನು ಪದದ ಕೊನೆಯಲ್ಲೂ ಒತ್ತಿರುತ್ತದೆ. ಅಲ್ಲಿ ಅದಕ್ಕೆ ಕೆಲಸವಿಲ್ಲ, ಕಾಣುವುದೂ ಇಲ್ಲ, ಆದರೆ ಹುಡುಕಾಟವನ್ನು ತಪ್ಪಿಸುತ್ತದೆ. ವಿಮ್ ಅದನ್ನು ಕೋನಾಕಾರದ ಕಂಸದಲ್ಲಿ ಅದರ ಸಂಖ್ಯೆಯ ರೂಪದಲ್ಲೇ ತೋರಿಸುತ್ತದೆ. ಕನ್ನಡ ಓದಲು ಇದು ಕಿರಿಕಿರಿ, ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಸಹಾಯ ಇಲ್ಲ. ವಿಎಸ್ ಕೋಡಿನ ರೆಗೆಕ್ಸ್‌ನಲ್ಲಿ ಹಿಂಬಾಗಿದ ಗೆರೆ, ಇಂಗ್ಲಿಷಿನ ‘ಯು’, ಮುಂದೆ 200 ಮತ್ತು ಇಂಗ್ಲಿಷಿನ ‘ಸಿ’ ಬರೆದರೆ ಅದು ಸಿಗುತ್ತದೆ. ಕಡತದಿಂದ ಅದನ್ನು ಪೂರಾ ಕಿತ್ತುಹಾಕುವುದು ತಪ್ಪು, ‘ನರೇಗಲ್‌ನಲ್ಲಿ’ ಎಂಬಂಥ ಪದಗಳು ಕೆಡುತ್ತವೆ. ಅಲ್ಪವಿರಾಮದ ಹಿಂದೆ ಇರುವುದನ್ನಷ್ಟೇ ತೆಗೆಯಬೇಕು: ಆ ಚಿಹ್ನೆ ಮತ್ತು ಅಲ್ಪವಿರಾಮ ಎರಡನ್ನೂ ಸೇರಿಸಿ ಹುಡುಕಿ, ಬರಿಯ ಅಲ್ಪವಿರಾಮ ಇಡಬೇಕು.

ಹುಡುಗ: ಇನ್ನೊಂದು ಐತ್ರಿ. ‘,ರೋಣ,’ ಹುಡುಕಿದ್ರ ಕೆಲವು ಸಾಲು ಸಿಗವಲ್ಲವು. ಅಲ್ಲೂ ಹಂಗ ಕಾಣದ್ದು ಐತೇನ್ರಿ?

ಅಕ್ಕ: ಅಲ್ಲಿ ಬ್ಯಾರೆ ಇರಬಹುದು. ಶಾಲ್ಯಾಗ ‘ರೋ’ ಹೆಂಗ ಬರಿಸಿದ್ರು ನೆನಪು ಮಾಡ್ಕೋ. ರ ಬರದು, ಎತ್ವ ಕೊಟ್ಟು, ಕೊಂಬಿನ ಇಳಿ ಕೊಟ್ಟು, ಆಮ್ಯಾಲ ದೀರ್ಘ.

ಯೂನಿಕೋಡ್‌ನಲ್ಲಿ ಎರಡೂ ದಾರಿ ಇವೆ. ಓತ್ವದ ದೀರ್ಘಕ್ಕೆ ಒಂದೇ ಸಂಕೇತವೂ ಉಂಟು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತ ಜೋಡಿಸಿದರೂ ಅದೇ ರೂಪ ಬರುತ್ತದೆ. ಮೊದಲನೆಯದರಲ್ಲಿ ‘ರೋಣ’ ಮೂರು ಸಂಕೇತ, 9 ಬೈಟು. ಎರಡನೆಯದರಲ್ಲಿ ಐದು ಸಂಕೇತ, 15 ಬೈಟು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದ ದಾಖಲೆಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಇಂಥ ತುಂಡುಗಳು ಉಳಿಯುವ ಸಂಭವ ಹೆಚ್ಚು, ಏಕೆಂದರೆ ಆ ಫಾಂಟುಗಳಲ್ಲಿ ದೀರ್ಘ ಎಂಬುದು ಬೇರೆಯಾಗಿಯೇ ಒತ್ತುವ ಚಿತ್ರವಾಗಿತ್ತು. ವಿಮ್‌ನಲ್ಲಿ ಅಕ್ಷರದ ಮೇಲೆ ಕರ್ಸರ್ ಇಟ್ಟು ‘ಜಿ’ ಮತ್ತು ‘8’ ಒತ್ತಿದರೆ ಅದರ ಬೈಟುಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತದೆ. ಯಾವ ರೋಣ ಯಾವುದು ಎಂಬುದು ಅಲ್ಲೇ ತಿಳಿಯುತ್ತದೆ.

ಇದನ್ನು ಕೈಯಿಂದ ತಿದ್ದಲು ಹೊರಡಬಾರದು. ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎಂದು ಹೆಸರು. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಘಟಕದಲ್ಲಿ ಅದಕ್ಕೆ ಸಿದ್ಧವಾದ ಫಂಕ್ಷನ್ ಇದೆ. ವಿಮ್‌ನಲ್ಲಿ ಇಡೀ ಕಡತವನ್ನು ಹೊರಗಿನ ಯಾವುದೇ ಪ್ರೋಗ್ರಾಮಿನ ಮೂಲಕ ಹಾಯಿಸಿ, ಅದು ಕೊಟ್ಟದ್ದನ್ನು ಮರಳಿ ಅದೇ ಜಾಗಕ್ಕೆ ತುಂಬಿಕೊಳ್ಳಬಹುದು. ಗಿರಣಿಗೆ ಜೋಳ ಹಾಕಿ ಹಿಟ್ಟು ತಂದ ಹಾಗೆ. ಎಡಿಟರಿನೊಳಗೇ ಎಲ್ಲವೂ ಇರಬೇಕಿಲ್ಲ, ಹೊರಗಿನ ಸಾಧನಗಳನ್ನು ಕರೆಯಲು ಅದಕ್ಕೆ ಬಂದರೆ ಸಾಕು.

ಬೆಳವಣಕಿಯ ಹೆಸರನ್ನು ಕೆಲವರು ‘ಬೆಳವಣಿಕಿ’ ಎಂದೂ ಬರೆಯುತ್ತಾರೆ, ಪಟ್ಟಿಯಲ್ಲಿ ಎರಡೂ ಇವೆ. ವಿಎಸ್ ಕೋಡಿನಲ್ಲಿ ‘ಬೆಳವಣಿ?ಕಿ’ ಎಂದರೆ ಎರಡೂ ಸಿಗುತ್ತವೆ. ಪ್ರಶ್ನಾರ್ಥಕ ಚಿಹ್ನೆ ಅಲ್ಲಿ ಹಿಂದಿನ ಗುಡಿಸಿಗೆ ಮಾತ್ರ ಅನ್ವಯಿಸುತ್ತದೆ, ಣಕಾರಕ್ಕೆ ಅಲ್ಲ. ವಿಮ್ ಮೂಲಾಕ್ಷರವನ್ನೂ ಅದಕ್ಕೆ ಹತ್ತಿದ ಗುಡಿಸನ್ನೂ ಒಂದಾಗಿ ಹಿಡಿಯುವುದರಿಂದ ಅಲ್ಲಿ ಎರಡು ಹೆಸರನ್ನೂ ಪೂರ್ತಿ ಬರೆದು ‘ಅಥವಾ’ ಹಾಕುವುದು ಕ್ಷೇಮ.

ಹುಡುಗ: ಅಕ್ಕಾರ, ನೀವು ಮಾತಿಗೊಮ್ಮೆ ವಿಮ್ ಅಂತೀರಿ. ಒಂದು ಪದ ಅಳಸಬೇಕಂದ್ರ ಮೌಸ್ ಹಿಡಿದು ಆರಿಸಿ ಡಿಲೀಟ್ ಒತ್ತಿದ್ರ ಮುಗೀತಲ್ರಿ. ಅಷ್ಟಕ್ಕ ಹೊಸ ಭಾಷೆ ಯಾಕ ಕಲೀಬೇಕು?

ಅಕ್ಕ: ಒಂದ ಪದ ಆದ್ರ ಬ್ಯಾಡ. ದಿನಾ ಎಂಟು ತಾಸು ಇದ ಕೆಲಸ ಆದ್ರ ಬೇಕು. ವಿಮ್‌ನ್ಯಾಗ ಕೀ ಅಂದ್ರ ಅಕ್ಷರ ಅಲ್ಲ, ಆಜ್ಞೆ. ‘ಡಿ’ ಅಂದ್ರ ಅಳಸು, ‘ಡಬ್ಲ್ಯೂ’ ಅಂದ್ರ ಪದ. ‘ಡಿ ಡಬ್ಲ್ಯೂ’ ಅಂದ್ರ ಪದ ಅಳಸು. ‘ಸಿ’ ಅಂದ್ರ ಬದಲಿಸು, ‘ವೈ’ ಅಂದ್ರ ನಕಲು ತಗೋ. ಹತ್ತು ಕ್ರಿಯಾಪದ, ಹತ್ತು ನಾಮಪದ ಕಲಿತ್ರ ನೂರು ಮಾತು ಆಡಬಹುದು.

ಈ ವ್ಯಾಕರಣ ‘ವಿಐ’ ಎಂಬ ಹಳೆಯ ಎಡಿಟರಿನದು. ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯಲ್ಲಿ ಅದನ್ನು ಬರೆದರು. ಮನೆಯಿಂದ ಕೆಲಸ ಮಾಡಲು ಅವರಿಗಿದ್ದದ್ದು 300 ಬಾಡ್ ವೇಗದ ಮೋಡೆಮ್. ಒಂದೊಂದು ಅಕ್ಷರವೂ ದುಬಾರಿ, ಆದ್ದರಿಂದ ಆಜ್ಞೆಗಳು ಒಂದೊಂದೇ ಅಕ್ಷರದವು. ಅವರ ಟರ್ಮಿನಲ್ಲಿನ ಎಚ್, ಜೆ, ಕೆ, ಎಲ್ ಕೀಗಳ ಮೇಲೆ ಬಾಣದ ಗುರುತುಗಳಿದ್ದವು, ಕರ್ಸರ್ ಓಡಿಸಲು ಇಂದಿಗೂ ಅವೇ ಉಳಿದಿವೆ. ಅದೇ ವ್ಯಾಕರಣವನ್ನು ಬೆಳೆಸಿ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದರು. ಅದಕ್ಕೆ ಬೆಲೆ ಕೇಳಲಿಲ್ಲ. ಇಷ್ಟವಾದರೆ ಉಗಾಂಡಾದ ಕಿಬಾಲೆಯ ಅನಾಥ ಮಕ್ಕಳಿಗೆ ನೆರವು ಕೊಡಿ ಎಂದು ಕೇಳಿದರು. 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಒಬ್ಬ ಮನುಷ್ಯ ಮೂರು ದಶಕ ಒಂದೇ ಸಾಧನವನ್ನು ಹೀಗೆ ಸಾಕಿದ್ದು ನೆನೆಯಬೇಕಾದ ಸಂಗತಿ.

ಹುಡುಗ: ‘ಅಳಸು ಪದ’ ಅಂತಾರೇನ್ರಿ ಯಾರರೆ? ‘ಪದ ಅಳಸು’ ಅಂತೀವಿ.

ಅಕ್ಕ: ಛಲೋ ಕೇಳಿದಿ. ಕನ್ನಡದಾಗ ಕರ್ಮ ಮೊದಲು, ಕ್ರಿಯೆ ಆಮ್ಯಾಲ. ಕಾಕೂನ್, ಹೀಲಿಕ್ಸ್ ಅಂತ ಎರಡು ಎಡಿಟರ್ ಅದಾವ. ಅವು ನಮ್ಮ ಹಂಗ: ಮೊದಲ ಪದ ಆರಿಸು, ಆಮ್ಯಾಲ ಏನು ಮಾಡಬೇಕು ಹೇಳು.

ಈ ಕ್ರಮಕ್ಕೆ ಒಂದು ಲಾಭವಿದೆ. ಆಜ್ಞೆ ಕೊಡುವ ಮೊದಲೇ ಅದು ಯಾವುದಕ್ಕೆ ತಾಗುತ್ತದೆ ಎಂಬುದು ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತದೆ. ವಿಎಸ್ ಕೋಡಿನ ಬಹುಕರ್ಸರ್ ವಿಧಾನವೂ ಇದೇ ಜಾತಿಯದು. ‘ಧಾರವಾಡ’ ಎಂಬ ಪದದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಡಿ ಒತ್ತಿದರೆ ಅದು ಆಯ್ಕೆಯಾಗುತ್ತದೆ, ಮತ್ತೆ ಒತ್ತಿದರೆ ಮುಂದಿನ ಧಾರವಾಡವೂ ಸೇರುತ್ತದೆ. ಬೇಡವಾದದ್ದು ಬಂದರೆ ಕಂಟ್ರೋಲ್-ಕೆ, ಕಂಟ್ರೋಲ್-ಡಿ ಒತ್ತಿ ಅದನ್ನು ಬಿಟ್ಟು ಮುಂದೆ ಹೋಗಬಹುದು. ಬೇಕಾದಷ್ಟು ಸೇರಿದ ಮೇಲೆ ಒಮ್ಮೆ ‘ಗದಗ’ ಎಂದು ಟೈಪ್ ಮಾಡಿದರೆ ಎಲ್ಲ ಕಡೆಯೂ ಗದಗ. ವಿಮ್‌ನಲ್ಲಿ ಇದೇ ಕೆಲಸಕ್ಕೆ ಪದವನ್ನು ಹುಡುಕಿ ಒಂದು ಸಲ ಬದಲಿಸಿ, ‘ಎನ್’ ಒತ್ತಿ ಮುಂದಿನದಕ್ಕೆ ಹೋಗಿ, ಬರಿಯ ಚುಕ್ಕಿ ಒತ್ತಬೇಕು. ಚುಕ್ಕಿ ಎಂದರೆ ‘ಈಗ ಮಾಡಿದ್ದನ್ನೇ ಇಲ್ಲಿಯೂ ಮಾಡು’. ವಿಮ್‌ನ ಎಲ್ಲ ಆಜ್ಞೆಗಳಲ್ಲಿ ಮೊದಲು ಕಲಿಯಬೇಕಾದದ್ದು ಇದು.

ಹುಡುಗ: ಕನ್ನಡ ಕೀಲಿಮಣೆ ಚಾಲೂ ಇದ್ದಾಗ ‘ಡಿ’ ಒತ್ತಿದ್ರ ‘ದ’ ಬರತೈತಿ. ಆಜ್ಞೆ ಹೆಂಗ ಕೊಡೋದ್ರಿ?

ಅಕ್ಕ: ಕನ್ನಡದಾಗ ವಿಮ್ ಬಳಸೋರಿಗೆ ಮೊದಲ ಅಡ್ಡ ಬರೋದು ಇದ. ಕಂಪ್ಯೂಟರಿನ ಕೀಲಿಮಣೆ ಇಂಗ್ಲಿಷ್‌ನ್ಯಾಗ ಬಿಡು. ವಿಮ್‌ಗೆ ‘ಕೀಮ್ಯಾಪ್’ ಅಂತ ತನ್ನದ ಒಂದು ಏರ್ಪಾಡು ಐತಿ. ಯಾವ ಕೀಗೆ ಯಾವ ಅಕ್ಷರ ಅಂತ ಒಂದು ಸಣ್ಣ ಕಡತ ಬರದು ಕೊಟ್ರ, ಬರಿಯುವಾಗ ಅಷ್ಟ ಕನ್ನಡ, ಆಜ್ಞೆಗೆ ಬಂದ ಕೂಡಲೇ ತಾನ ಇಂಗ್ಲಿಷ್. ಈಮ್ಯಾಕ್ಸ್ ಅನ್ನೋ ಎಡಿಟರಿನ್ಯಾಗ ಕನ್ನಡ ಬರಿಯೂ ವಿಧಾನ ಒಳಗ ಐತಿ, ಕಂಟ್ರೋಲ್ ಜೊತಿ ಹಿಂಬಾಗಿದ ಗೆರೆ ಒತ್ತಿದ್ರ ಬದಲಾಗತೈತಿ.

ಹುಡುಗ: ಹಂಗಾದ್ರ ಯಾವುದು ಕಲೀಲಿ?

ಅಕ್ಕ: ಕನ್ನಡ ಪಠ್ಯ ಜಾಸ್ತಿ ಇದ್ರ ವಿಎಸ್ ಕೋಡ್ ಇಲ್ಲಾ ಈಮ್ಯಾಕ್ಸ್. ಭಾಳ ಟರ್ಮಿನಲ್‌ನ್ಯಾಗ ಒತ್ತಕ್ಷರ ಕೆಟ್ಟು ಕಾಣತಾವ, ವಿಮ್ ಅಲ್ಲೇ ನಡೀತೈತಲ್ಲ. ದೂರದ ಸರ್ವರ್ ಮ್ಯಾಲ ಕೆಲಸ, ಇಲ್ಲಾ ಹಳೇ ಸಣ್ಣ ಕಂಪ್ಯೂಟರ್ ಇದ್ರ ವಿಮ್. ಆದ್ರ ಒಂದನ್ನ ಹಿಡಿದು ಆರು ತಿಂಗಳು ಬಿಡಬ್ಯಾಡ. ವಾರಕ್ಕೊಂದು ಎಡಿಟರ್ ಬದಲಿಸೋರಿಗೆ ಯಾವುದೂ ಕೈಗೆ ಹತ್ತಂಗಿಲ್ಲ.

ಉಳಿದವು ಸಣ್ಣ ಮಾತುಗಳು. ಪಟ್ಟಿಯನ್ನು ಅಕಾರಾದಿ ಮಾಡಲು ವಿಎಸ್ ಕೋಡ್, ವಿಮ್ ಎರಡರಲ್ಲೂ ಆಜ್ಞೆ ಇದೆ, ಆದರೆ ವಿಮ್‌ನ ವಿಂಗಡಣೆ ಸಾಮಾನ್ಯವಾಗಿ ಯೂನಿಕೋಡ್ ಸಂಕೇತದ ಕ್ರಮದಲ್ಲಿ ನಡೆಯುತ್ತದೆ. ಅಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ, ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ನಿಘಂಟಿನಲ್ಲಿ ‘ಬೆಸುಗೆ’ ಮೊದಲು ‘ಬೆಳೆ’ ಆಮೇಲೆ ಬಂದರೆ, ವಿಮ್‌ನಲ್ಲಿ ‘ಬೆಳೆ’ ಮೊದಲು ಬರುತ್ತದೆ. ಕನ್ನಡ ಅಂಕಿಗಳಿದ್ದರೆ ರೆಗೆಕ್ಸ್‌ನ ಅಂಕಿಯ ಗುರುತು ವಿಎಸ್ ಕೋಡಿನಲ್ಲೂ ವಿಮ್‌ನಲ್ಲೂ ಅವನ್ನು ಹಿಡಿಯುವುದಿಲ್ಲ. ಎಡಿಟರಿನಲ್ಲಿ ಸರಿಯಿರುವ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಬರುವುದುಂಟು. ಆಗ ಕಡತವನ್ನು ‘ಯುಟಿಎಫ್-8, ಬಾಮ್ ಸಹಿತ’ ಎಂದು ಉಳಿಸಿಕೊಡಬೇಕು; ಬಾಮ್ ಎಂದರೆ ಕಡತದ ಮೊದಲಲ್ಲಿ ಕೂರುವ, ಕಣ್ಣಿಗೆ ಕಾಣದ ಗುರುತು. ಅದೇ ಕಡತವನ್ನು ಪ್ರೋಗ್ರಾಮಿಗೆ ಕೊಡುವುದಿದ್ದರೆ ಬಾಮ್ ತೆಗೆಯಬೇಕು, ಇಲ್ಲದಿದ್ದರೆ ಮೊದಲ ಕಲಮಿನ ಹೆಸರು ಹೊಂದುವುದಿಲ್ಲ.

ಹುಡುಗ: ಮುಗೀತ್ರಿ. ಬೆಳವಣಕಿ, ರೋಣ, ಗದಗ. ಸೂಡಿ, ಗಜೇಂದ್ರಗಡ, ಗದಗ. ನರೇಗಲ್ಲೂ ಬಂತು. ದ್ರೋಣಪುರ ಇದ್ದಲ್ಲೇ ಐತಿ.

ಅಕ್ಕ: ಹುಡುಕಿದ್ದು, ಬದಲಿಸಿದ್ದು ಎಲ್ಲಾ ಒಂದು ಕಡತದಾಗ ಬರದು ಪಟ್ಟಿ ಜೊತಿಗೇ ಇಡು. ಇಂಥ ಹಳೇ ಪಟ್ಟಿ ನರಗುಂದದವರ ಹತ್ರನೂ ಇರತಾವ, ಅವರಿಗೂ ಬೇಕಾಗತೈತಿ.